ಮೈಯೆಲ್ಲ ಮುಚ್ಚಿಯೂ ಸೊಂಟ ಸುಟ್ಟಿತು: ಕ್ರಾಬಿ ಪ್ರವಾಸದ ನಾಲ್ಕು ಈಜುಡುಗೆಗಳು

ನನ್ನ ಬೆನ್ನಿನ ಕೆಳಗೆ, ಸೊಂಟದ ಹತ್ತಿರ, ಮೂರು ಬೆರಳಗಲದ ಒಂದು ಕಂದು ಪಟ್ಟಿ ಇದೆ. ಸೀರೆ ಉಟ್ಟರೆ ಸರಿಯಾಗಿ ಆ ಜಾಗವೇ ಕಾಣುತ್ತದೆ. ಮೊನ್ನೆ ಒಂದು ಗೃಹಪ್ರವೇಶದಲ್ಲಿ ಪಕ್ಕದ ಮನೆ ಆಂಟಿ ನೋಡಿ, "ಏನಮ್ಮಾ, ಲಂಗದ ಲಾಡಿ ಅಲರ್ಜಿನಾ?" ಎಂದು ಕೇಳಿದರು. "ಲಾಡಿ ಅಲ್ಲ ಆಂಟಿ, ಥೈಲ್ಯಾಂಡು" ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಫೆಬ್ರವರಿಯಲ್ಲಿ ನಾವು ನಾಲ್ಕು ಜನ, ಅಂದರೆ ನಾನು, ಗಂಡ, ಮಗಳು, ನಾದಿನಿ, ಥೈಲ್ಯಾಂಡಿನ ಕ್ರಾಬಿ ಎಂಬ ಕಡಲತೀರದ ಊರಿಗೆ ಹೋಗಿದ್ದೆವು. ಹೊರಡುವ ಎರಡು ತಿಂಗಳ ಮುಂಚಿನಿಂದ ನಾನು ಪೂರ್ತಿ ಮೈ ಮುಚ್ಚುವ ಈಜುಡುಗೆ ಹುಡುಕುತ್ತಿದ್ದೆ. ಮೂರು ಕೊಂಡೆ, ನಾಲ್ಕನೆಯದನ್ನು ಅಲ್ಲೇ ಕೊಂಡೆ. ಇಷ್ಟೆಲ್ಲ ಮಾಡಿಯೂ ಸುಟ್ಟುಕೊಂಡು ಬಂದೆ. ಹಾಗಾಗಿ ಇದರ ಬಗ್ಗೆ ಬರೆಯಲು ನನಗೆ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ.

ಮೊದಲೇ ಒಂದು ಮಾತು. ಇದು ಬೆಳ್ಳಗೆ ಉಳಿಯುವ ಆಸೆಗಲ್ಲ. ಎರಡನೇ ಬಸಿರಿನ ಸಮಯದಲ್ಲಿ ನನಗೆ ಕೆನ್ನೆಯ ಮೇಲೆ ಬಂಗು ಬಂತು. ಬಂಗು ಇದ್ದವರಿಗೆ ಗೊತ್ತು, ಬಿಸಿಲು ಅಂದರೆ ಅದಕ್ಕೆ ಗೊಬ್ಬರ ಹಾಕಿದ ಹಾಗೆ. ಆರು ತಿಂಗಳು ಮುಲಾಮು ಹಚ್ಚಿ ತಿಳಿ ಮಾಡಿಕೊಂಡದ್ದು ಒಂದೇ ವಾರದ ಬಿಸಿಲಿಗೆ ವಾಪಸ್ಸು ಬರುತ್ತದೆ. ಅದೂ ಅಲ್ಲದೆ ನನ್ನ ತೋಳಿಗೆ, ಕತ್ತಿಗೆ ಬಿಸಿಲು ಬಿದ್ದರೆ ಸಣ್ಣ ಗುಳ್ಳೆ ಏಳುತ್ತವೆ. ಚರ್ಮದ ಡಾಕ್ಟರು ಹೇಳಿದ್ದು ಒಂದೇ ಮಾತು: "ಸಮುದ್ರಕ್ಕೆ ಹೋಗಿ, ಬೇಡ ಅನ್ನಲ್ಲ. ಆದ್ರೆ ಕ್ರೀಮ್ ನಂಬ್ಕೊಂಡು ಹೋಗ್ಬೇಡಿ, ಬಟ್ಟೆ ನಂಬ್ಕೊಂಡು ಹೋಗಿ."

ನಮ್ಮಲ್ಲಿ ಬಟ್ಟೆ ನಂಬಿಕೊಂಡು ಸಮುದ್ರಕ್ಕೆ ಇಳಿಯುವುದು ಹೊಸದೇನಲ್ಲ, ಅಲ್ವಾ? ಮಲ್ಪೆಯಲ್ಲಿ, ಮುರ್ಡೇಶ್ವರದಲ್ಲಿ ನಮ್ಮ ಅಮ್ಮ ಸೀರೆಯಲ್ಲೇ ಅಲೆಗೆ ಕೂತವರು. ನಾನು ಚೂಡಿದಾರದಲ್ಲಿ ಇಳಿದವಳು. ಮನೆಗೆ ಬಂದಾಗ ಬೆನ್ನು ಉರಿಯುತ್ತಿತ್ತು. ಮೈ ಮುಚ್ಚಿತ್ತಲ್ಲ, ಮತ್ತೆ ಯಾಕೆ ಉರಿ ಎಂದು ಆಗ ಯೋಚಿಸಲಿಲ್ಲ. ಉತ್ತರ ಸಿಕ್ಕಿದ್ದು ಈಗ. ಬಟ್ಟೆ ಎಷ್ಟು ಬಿಸಿಲು ತಡೆಯುತ್ತದೆ ಎನ್ನುವುದಕ್ಕೆ ಯುಪಿಎಫ್ ಎಂಬ ಅಳತೆ ಇದೆ. ಯುಪಿಎಫ್ 50 ಎಂದರೆ ಬಿದ್ದ ಅತಿನೇರಳೆ (ಯುವಿ) ಕಿರಣದಲ್ಲಿ ಐವತ್ತರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ 2 ಮಾತ್ರ ಒಳಗೆ ಬರುತ್ತದೆ. ಸಾಧಾರಣ ತೆಳು ಬಿಳಿ ಕಾಟನ್ ಟೀ ಶರ್ಟಿಗೆ ಇದು 5ರಿಂದ 7ರ ಆಸುಪಾಸು. ಅದೇ ಟೀ ಶರ್ಟ್ ನೆನೆದರೆ 3ಕ್ಕೆ ಇಳಿಯುತ್ತದೆ. ಅಂದರೆ ಮೂರರಲ್ಲಿ ಒಂದು ಪಾಲು ಬಿಸಿಲು ನೇರ ಚರ್ಮಕ್ಕೆ. ಒದ್ದೆ ಕಾಟನ್ ಮೈಗೆ ಅಂಟಿ ಪಾರದರ್ಶಕ ಆಗುತ್ತದಲ್ಲ, ನಮ್ಮ ಕಣ್ಣಿಗೆ ಹೇಗೆ ಒಳಗಿನದು ಕಾಣುತ್ತದೋ ಹಾಗೇ ಬಿಸಿಲಿಗೂ ದಾರಿ ಬಿಡುತ್ತದೆ.

ನನ್ನ ಗಂಡ ಈ ಲೆಕ್ಕ ಕೇಳಿ, "ನನಗೇನೂ ಆಗಲ್ಲ ಬಿಡು, ನಾನು ಗದ್ದೆಯಲ್ಲಿ ಬೆಳೆದವನು" ಎಂದು ಎರಡು ಬಿಳಿ ಬನಿಯನ್ ಬ್ಯಾಗಿಗೆ ಹಾಕಿಕೊಂಡರು. ಅವರ ಕಥೆ ಮುಂದೆ ಬರುತ್ತದೆ.

ಇನ್ನು ಅಂಗಡಿ. ಇಲ್ಲಿ ಒಂದು ತಮಾಷೆ ನೋಡಿ. ನಮ್ಮಲ್ಲಿ ಮೈ ಮುಚ್ಚುವ ಈಜುಡುಗೆಯನ್ನು ಮಾರುವುದು ಬಿಸಿಲಿಗಾಗಿ ಅಲ್ಲ, ಮರ್ಯಾದೆಗಾಗಿ. "ಮಾಡೆಸ್ಟ್ ಡ್ರೆಸ್ ಬೇಕಾ ಮೇಡಂ?" ಎಂದು ಕೇಳಿ ತೋರಿಸುತ್ತಾರೆ. ನಾನು "ಬಿಸಿಲು ತಡೆಯೋದು" ಎಂದರೆ ಹುಡುಗಿ ನನ್ನನ್ನೇ ನೋಡುತ್ತಾಳೆ. ಮರ್ಯಾದೆಗೆ ಹೊಲಿದದ್ದು ಎಲ್ಲಿ ಮುಚ್ಚಬೇಕು ಅಂದುಕೊಳ್ಳುತ್ತದೋ ಅಲ್ಲಿ ಮುಚ್ಚುತ್ತದೆ: ತೊಡೆ, ಎದೆ, ಸೊಂಟ. ಬಿಸಿಲು ಬಡಿಯುವುದು ಭುಜ, ಕತ್ತಿನ ಹಿಂಭಾಗ, ಮೀನಖಂಡ, ಪಾದದ ಮೇಲೆ. ಎರಡೂ ಬೇರೆ ಬೇರೆ ಭೂಪಟ.

ಮೊದಲ ಉಡುಗೆ ಈ ಮರ್ಯಾದೆ ಜಾತಿಯದ್ದೇ. ಮೊಳಕಾಲಿನವರೆಗೆ ಬರುವ ಫ್ರಾಕ್, ಒಳಗೆ ಚಡ್ಡಿ, ಅರ್ಧ ತೋಳು. ಬೆಲೆ ಎಂಟುನೂರು ರೂಪಾಯಿ. ಮೈಸೂರಿನಲ್ಲಿ ನಾನು ವಾರಕ್ಕೆ ಮೂರು ದಿನ ಹೆಂಗಸರ ಬ್ಯಾಚಿಗೆ ಈಜಲು ಹೋಗುತ್ತೇನೆ. 41ನೇ ವಯಸ್ಸಿಗೆ ಕಲಿತವಳು, ಅದರ ಜಂಬ ಸ್ವಲ್ಪ ಇದೆ. ಅಲ್ಲೇ ಹಾಕಿ ನೋಡಿದೆ. ನೀರಿಗೆ ಇಳಿದ ಕೂಡಲೇ ಫ್ರಾಕ್ ಕೊಡೆಯ ಹಾಗೆ ಬಿಚ್ಚಿಕೊಂಡು ಮೇಲೆ ಬಂತು. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಈಜಬೇಕು. ಹೊರಗೆ ಬಂದರೆ ನೆರಿಗೆಯಲ್ಲಿ ತುಂಬಿದ ನೀರು ಅರ್ಧ ಬಕೆಟ್. ಎದೆಯ ಪ್ಯಾಡ್ ನೆನೆದು ಇಡ್ಲಿಯಂತೆ ಊದಿತ್ತು. ಇದನ್ನು ಥೈಲ್ಯಾಂಡಿಗೆ ಒಯ್ಯಲಿಲ್ಲ. ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಆಗಬಹುದು, ಈಜುವವರಿಗೆ ಬೇಡ.

ಎರಡನೆಯದು ಆನ್‌ಲೈನಿನಲ್ಲಿ ತರಿಸಿದ್ದು. ಕತ್ತಿನಿಂದ ಕಾಲಿನ ಗಿಣ್ಣಿನವರೆಗೆ ಒಂದೇ ತುಂಡು, ಮುಂದೆ ಜಿಪ್. ಫೋಟೋದಲ್ಲಿ ಸಿನಿಮಾ ನಾಯಕಿ ಥರ ಕಾಣುತ್ತಿತ್ತು. "ಯುಪಿಎಫ್ 50+" ಎಂದು ದೊಡ್ಡದಾಗಿ ಬರೆದಿತ್ತು. ಬಂದ ಮೇಲೆ ಒಳಗಿನ ಲೇಬಲ್ ಹುಡುಕಿದೆ. ತೊಳೆಯುವ ಸೂಚನೆ ಬಿಟ್ಟರೆ ಏನೂ ಇಲ್ಲ. ಯುಪಿಎಫ್ ಎನ್ನುವ ಮಾತು ಮಾರಾಟದ ಪುಟದಲ್ಲಿ ಇತ್ತು, ಬಟ್ಟೆಯ ಮೇಲೆ ಇರಲಿಲ್ಲ.

ಇದು ಮುಖ್ಯ. ಈ ಅಳತೆಗೆ ಮೊದಲು ನಿಯಮ ಮಾಡಿದವರು ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು, 1996ರಲ್ಲಿ. ಅಲ್ಲಿ ಚರ್ಮದ ಕ್ಯಾನ್ಸರ್ ತುಂಬಾ ಜಾಸ್ತಿ. 1981ರಲ್ಲೇ ಒಂದು ಕಡಲಹಕ್ಕಿಯ ಕಾರ್ಟೂನ್ ಇಟ್ಟುಕೊಂಡು ಅಂಗಿ ಹಾಕಿ, ಕ್ರೀಮ್ ಹಚ್ಚಿ, ಟೋಪಿ ಇಡಿ ಎಂದು ಟಿವಿಯಲ್ಲಿ ಹಾಡಿಸಿದ ದೇಶ ಆಸ್ಟ್ರೇಲಿಯಾ. ಅಲ್ಲಿನ ಮಾನದಂಡದ ಸಂಖ್ಯೆ ಎಎಸ್/ಎನ್‌ಝಡ್‌ಎಸ್ 4399. ಯುರೋಪಿನದು ಇಎನ್ 13758. ಯುರೋಪಿನದರಲ್ಲಿ ಯುಪಿಎಫ್ 40ಕ್ಕಿಂತ ಮೇಲಿರಬೇಕು. ಇವೆರಡರಲ್ಲಿ ಒಂದು ಸಂಖ್ಯೆ ಬಟ್ಟೆಯ ಲೇಬಲ್ಲಿನಲ್ಲೋ ತೂಗುಚೀಟಿಯಲ್ಲೋ ಇದ್ದರೆ ನನಗೆ ಸ್ವಲ್ಪ ನಂಬಿಕೆ ಬರುತ್ತದೆ. ಬರೀ ಸೂರ್ಯನ ಚಿತ್ರ ಹಾಕಿ 50+ ಎಂದರೆ ನಾನು ಬಟ್ಟೆಯನ್ನು ಎತ್ತಿ ಮೊಬೈಲ್ ಟಾರ್ಚಿಗೆ ಹಿಡಿಯುತ್ತೇನೆ. ಟಾರ್ಚಿನ ಬೆಳಕು ಅತಿನೇರಳೆ ಅಲ್ಲ, ನಿಜ. ಆದರೆ ನೇಯ್ಗೆಯ ಕಣ್ಣು ಎಷ್ಟು ದೊಡ್ಡದಿದೆ ಎಂದಾದರೂ ಗೊತ್ತಾಗುತ್ತದೆ. ನನ್ನ ಒಂದೇ ತುಂಡಿನ ಸುಂದರಿಯ ಮೂಲಕ ಟಾರ್ಚಿನ ಪ್ರತಿ ಚುಕ್ಕಿ ಕಂಡಿತು. ಎಳೆದು ಹಿಡಿದರೆ ಇನ್ನೂ ಚೆನ್ನಾಗಿ ಕಂಡಿತು. ಅಲ್ಲೇ ಇನ್ನೊಂದು ಪಾಠ: ಬಟ್ಟೆ ಎಳೆದಷ್ಟೂ ಕಣ್ಣು ಅಗಲ ಆಗುತ್ತದೆ, ಬಿಸಿಲು ನುಗ್ಗುತ್ತದೆ. "ಈಜುಡುಗೆ ಬಿಗಿಯಾಗಿರಬೇಕು" ಎಂದು ಒಂದು ಸೈಜ್ ಚಿಕ್ಕದು ಕೊಂಡರೆ, ಕೊಟ್ಟ ದುಡ್ಡಿನ ಅರ್ಧ ಅಲ್ಲೇ ಹೋಯಿತು.

ಆದರೂ ಒಯ್ದೆ. ದುಡ್ಡು ಕೊಟ್ಟಾಗಿತ್ತು, ವಾಪಸ್ಸು ಮಾಡುವ ದಿನ ದಾಟಿತ್ತು.

ಫುಕೆಟ್‌ನಲ್ಲಿ ಇಳಿದು ವ್ಯಾನಿನಲ್ಲಿ ಕ್ರಾಬಿಯ ಆವ್ ನಾಂಗ್‌ಗೆ ಹೋದೆವು. ಮರುದಿನ ಉದ್ದ ಬಾಲದ ದೋಣಿಯಲ್ಲಿ ನಾಲ್ಕು ದ್ವೀಪದ ಸುತ್ತು: ಪೋಡಾ, ಕೋಳಿ ಕತ್ತಿನ ಹಾಗೆ ಬಂಡೆ ಇರುವ ಚಿಕನ್ ಐಲ್ಯಾಂಡ್, ಟುಪ್, ಕೊನೆಗೆ ಫ್ರಾ ನಾಂಗ್ ಗುಹೆಯ ದಂಡೆ. ನೀರು ಇಳಿದಾಗ ದ್ವೀಪಗಳ ನಡುವೆ ಮರಳಿನ ದಾರಿ ಮೇಲೇಳುತ್ತದೆ, ನಡೆದುಕೊಂಡೇ ದಾಟಬಹುದು. ಬಹಳ ಚೆಂದ. ಆದರೆ ನೆರಳು ಅನ್ನುವುದು ಇಲ್ಲ. ಮೊಬೈಲಿನಲ್ಲಿ ಯುವಿ ಇಂಡೆಕ್ಸ್, ಅಂದರೆ ಅತಿನೇರಳೆ ಕಿರಣದ ತೀವ್ರತೆಯ ಅಂಕಿ, ನೋಡಿದರೆ 11. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 11 ಮುಟ್ಟಿದರೆ ಅತಿರೇಕ. ಗಾಬರಿಯಾಗಬೇಡಿ, ಮಾರ್ಚ್ ಏಪ್ರಿಲ್ ಮಧ್ಯಾಹ್ನ ನಮ್ಮ ಬೆಂಗಳೂರು ಮೈಸೂರಿನಲ್ಲೂ ಅಷ್ಟೇ ಬರುತ್ತದೆ. ಅಲ್ಲಿ ನಾವು ಆ ಹೊತ್ತಿಗೆ ಮನೆಯೊಳಗೆ ಫ್ಯಾನ್ ಕೆಳಗೆ ಇರುತ್ತೇವೆ. ಇಲ್ಲಿ ದುಡ್ಡು ಕೊಟ್ಟು ಮರಳಿನ ಮೇಲೆ ನಿಂತಿರುತ್ತೇವೆ, ಅಷ್ಟೇ ವ್ಯತ್ಯಾಸ. ಮೇಲಿನಿಂದ ಬಿದ್ದದ್ದು ಸಾಲದು ಅಂತ ಒಣ ಮರಳು ನೂರಕ್ಕೆ 15ರಷ್ಟು ವಾಪಸ್ಸು ಎಸೆಯುತ್ತದೆ, ಸಮುದ್ರದ ನೊರೆ 25ರಷ್ಟು. ಟೋಪಿಯ ಕೆಳಗಿನ ಗದ್ದ ಸುಡುವುದು ಇದಕ್ಕೇ.

ಒಂದೇ ತುಂಡಿನ ಉಡುಗೆಯ ನಿಜವಾದ ಬಣ್ಣ ಗೊತ್ತಾಗಿದ್ದು ಪೋಡಾ ದ್ವೀಪದ ಶೌಚಾಲಯದಲ್ಲಿ. ಇದನ್ನು ಯಾವ ಮಾರಾಟದ ಪುಟವೂ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಕತ್ತಿನಿಂದ ಗಿಣ್ಣಿನವರೆಗೆ ಒಂದೇ ತುಂಡು ಇದ್ದರೆ, ಒಂದಕ್ಕೆ ಹೋಗಬೇಕಾದರೂ ಎರಡೂ ತೋಳು ಬಿಚ್ಚಿ, ಭುಜ ಇಳಿಸಿ, ಸೊಂಟದವರೆಗೆ ಸುಲಿಯಬೇಕು. ಒಣಗಿದ್ದಾಗ ಅರ್ಧ ನಿಮಿಷದ ಕೆಲಸ. ಒದ್ದೆಯಾಗಿದ್ದಾಗ ಲೈಕ್ರಾ ಎಂಬ ಆ ಹಿಗ್ಗುವ ಬಟ್ಟೆ ಚರ್ಮಕ್ಕೆ ಹಿಡಿದುಕೊಳ್ಳುತ್ತದೆ. ಒಳಗೆ ಮರಳು ಬೇರೆ. ನೆಲ ಒದ್ದೆ, ತೋಳು ನೆಲಕ್ಕೆ ತಾಗಬಾರದು, ಎರಡೂ ತೋಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕುಕ್ಕರಗಾಲಿನಲ್ಲಿ ಕೂತೆ. ಹೊರಗೆ ನಾಲ್ಕು ಜನ ಸಾಲಿನಲ್ಲಿ. ಮತ್ತೆ ಹಾಕಿಕೊಳ್ಳುವಾಗ ಎಡತೋಳು ಒಳಗೊಳಗೇ ತಿರುಚಿಕೊಂಡಿತು. ನಾದಿನಿ ಬಾಗಿಲು ತಟ್ಟಿ, "ಅತ್ತಿಗೆ, ಬದುಕಿದ್ದೀರಾ?" ಎಂದಳು. ಹನ್ನೆರಡು ನಿಮಿಷ ಹಿಡಿಯಿತು. ದೋಣಿಯವನು ಎಂಜಿನ್ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದ. ಆ ದಿನ ಮಧ್ಯಾಹ್ನದಿಂದ ನಾನು ನೀರು ಕುಡಿಯುವುದನ್ನೇ ಬಿಟ್ಟೆ. ಬಿಸಿಲಲ್ಲಿ ನೀರು ಕುಡಿಯದೆ ಇರುವಂತೆ ಮಾಡುವ ಬಟ್ಟೆ ಎಂಥ ಬಿಸಿಲುರಕ್ಷಣೆ ಹೇಳಿ. ಸಂಜೆಗೆ ತಲೆ ಸಿಡಿಯುತ್ತಿತ್ತು. ಜೊತೆಗೆ ಗದ್ದದ ಕೆಳಗೆ ಜಿಪ್ಪಿನ ತುದಿ ಉಜ್ಜಿ ಕೆಂಪಗಾಗಿತ್ತು.

ಆ ದಿನ ನನ್ನ ಗಂಡನಿಗೆ ಆದದ್ದು: ಬಿಳಿ ಬನಿಯನ್ ಬಿಚ್ಚಿದರೆ ಬೆನ್ನಿನ ಮೇಲೆ ಇನ್ನೊಂದು, ಗುಲಾಬಿ ಬಣ್ಣದ ಬನಿಯನ್. ಗದ್ದೆಯಲ್ಲಿ ಬೆಳೆದವರು ಎರಡು ರಾತ್ರಿ ಹೊಟ್ಟೆ ಕೆಳಗೆ ಮಾಡಿ ಮಲಗಿದರು.

ಮೂರನೆಯದು ಎರಡು ತುಂಡಿನದು. ಉದ್ದ ತೋಳಿನ ರ‍್ಯಾಶ್ ಗಾರ್ಡ್, ಕೆಳಗೆ ಈಜುವ ಲೆಗಿಂಗ್ಸ್. ಸರ್ಫ್ ಮಾಡುವವರು ಹಲಗೆಗೆ ಎದೆ ಉಜ್ಜಿ ಗಾಯ ಆಗಬಾರದು ಅಂತ ಹಾಕಿಕೊಳ್ಳುತ್ತಿದ್ದ ಅಂಗಿ ಇದು, ಹೆಸರು ಬಂದದ್ದೂ ಹಾಗೇ. ಬೆಂಗಳೂರಿನ ಒಂದು ಕ್ರೀಡಾ ಮಳಿಗೆಯಲ್ಲಿ ಕೊಂಡೆ, ಮೇಲಿನದು ಕೆಳಗಿನದು ಸೇರಿ ಎರಡು ಸಾವಿರದ ಚಿಲ್ಲರೆ. ಪಾಲಿಯೆಸ್ಟರ್ ಜಾಸ್ತಿ, ಎಲಾಸ್ಟೇನ್ ಎಂಬ ಹಿಗ್ಗುವ ನೂಲು ಸ್ವಲ್ಪ. ಪಾಲಿಯೆಸ್ಟರ್ ಅಂದರೆ ನಾವು ಮೂಗು ಮುರಿಯುತ್ತೇವೆ, ಸೆಕೆ ಅಂತೇವೆ. ಆದರೆ ಅತಿನೇರಳೆ ಕಿರಣವನ್ನು ಅದು ತಾನೇ ಹೀರಿಕೊಳ್ಳುತ್ತದೆ, ನೆನೆದರೂ ಕಾಟನ್ನಿನ ಹಾಗೆ ಸೋಲುವುದಿಲ್ಲ. ಲೇಬಲ್ಲಿನಲ್ಲಿ ಮಾನದಂಡದ ಸಂಖ್ಯೆ ಇತ್ತು. ಟಾರ್ಚ್ ಪರೀಕ್ಷೆಯಲ್ಲಿ ಬರೀ ಮಂಕು ಬೆಳಕು. ಶೌಚಾಲಯದ ಸಮಸ್ಯೆ ಇಲ್ಲ. ಕಡು ನೀಲಿ ಬಣ್ಣ. ಅಂಗಡಿಯ ಕನ್ನಡಿಯ ಮುಂದೆ ನಿಂತಾಗ ಎಲ್ಲ ಸರಿ ಇತ್ತು.

ನಿಂತಾಗ. ಅಲ್ಲೇ ಎಡವಿದ್ದು.

ಎರಡನೇ ದಿನ ಹಾಂಗ್ ದ್ವೀಪದ ಕಡೆ ಸ್ನಾರ್ಕೆಲ್ ಮಾಡಲು ಹೋದೆವು. ಸ್ನಾರ್ಕೆಲ್ ಅಂದರೆ ಬಾಯಲ್ಲಿ ಉಸಿರಾಡುವ ಕೊಳವೆ, ಮುಖ ನೀರಿನೊಳಗೆ, ಬೆನ್ನು ಆಕಾಶಕ್ಕೆ. ಕೈ ಮುಂದೆ ಚಾಚಿರುತ್ತದೆ. ಕೈ ಚಾಚಿದ ಕೂಡಲೇ ರ‍್ಯಾಶ್ ಗಾರ್ಡ್ ಮೇಲಕ್ಕೆ ಜಾರುತ್ತದೆ. ಅಲೆಯೂ ಅದನ್ನೇ ಮಾಡುತ್ತದೆ. ಲೆಗಿಂಗ್ಸ್ ಸ್ವಲ್ಪ ಕೆಳಗೆ, ಅಂಗಿ ಸ್ವಲ್ಪ ಮೇಲೆ, ನಡುವೆ ಮೂರು ಬೆರಳಗಲ. ನೀರು ತಣ್ಣಗಿತ್ತು, ಗಿಳಿಬಣ್ಣದ ಮೀನು ಹವಳವನ್ನು ಕಡಿಯುವ ಕಟಕಟ ಸದ್ದು ಕಿವಿಗೆ ಕೇಳುತ್ತಿತ್ತು. ಬೆನ್ನಿನ ನೆನಪೇ ಇಲ್ಲ. ಒಂದೂವರೆ ಗಂಟೆ. ನೀರಿನೊಳಗೆ ಇದ್ದೇವೆ ಅಂದರೆ ಬಿಸಿಲು ತಾಗಲ್ಲ ಎಂದುಕೊಳ್ಳುತ್ತೇವೆ. ಅರ್ಧ ಮೀಟರ್ ಆಳದಲ್ಲೂ ಮೇಲಿನ ಅತಿನೇರಳೆಯ ನೂರಕ್ಕೆ 40ರಷ್ಟು ಇರುತ್ತದೆ. ನನ್ನ ಸೊಂಟ ಅರ್ಧ ಮೀಟರ್ ಆಳದಲ್ಲೂ ಇರಲಿಲ್ಲ, ಅಲೆಯ ಮೇಲೆ ತೇಲುತ್ತಿತ್ತು.

ಆ ಜಾಗಕ್ಕೆ ಕ್ರೀಮ್ ಯಾಕೆ ಹಚ್ಚಿರಲಿಲ್ಲ ಅಂತೀರಾ? ಬಟ್ಟೆ ಇದೆಯಲ್ಲ ಎಂಬ ಧೈರ್ಯ. ರಾತ್ರಿ ಹೋಟೆಲಿನಲ್ಲಿ ಸ್ನಾನದ ನೀರು ಬಿದ್ದಾಗ ಕಿರುಚಿದೆ. ಮಗಳು ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದಳು. ಸ್ಕೇಲ್ ಇಟ್ಟು ಗೆರೆ ಎಳೆದಂತೆ ಮೇಲೆ ಬಿಳಿ, ಕೆಳಗೆ ಬಿಳಿ, ನಡುವೆ ಕೆಂಪು. "ಅಮ್ಮಾ, ಬಣ್ಣ ಅದಲುಬದಲಾದ ಆಸ್ಟ್ರಿಯಾ ಬಾವುಟ" ಎಂದಳು. ಎರಡನೇ ದಿನ ಗುಳ್ಳೆ, ವಾರಕ್ಕೆ ಸಿಪ್ಪೆ, ಈಗ ಈ ಕಂದು.

ಕ್ರೀಮಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಥೈಲ್ಯಾಂಡಿನ ಸಮುದ್ರ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ಕೆಲವು ಸನ್‌ಸ್ಕ್ರೀನ್‌ಗಳಿಗೆ ನಿಷೇಧ ಇದೆ. ಹವಳಕ್ಕೆ ಹಾನಿ ಅಂತ ನಾಲ್ಕು ರಾಸಾಯನಿಕಗಳನ್ನು ಹೆಸರಿಸಿದ್ದಾರೆ: ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್, 4-ಮೀಥೈಲ್‌ಬೆಂಝಿಲಿಡೀನ್ ಕ್ಯಾಂಫರ್, ಬ್ಯೂಟೈಲ್‌ಪ್ಯಾರಾಬೆನ್. ದಂಡ ಅಲ್ಲಿನ ದುಡ್ಡಿನಲ್ಲಿ ಒಂದು ಲಕ್ಷ ಬಾಟ್‌ವರೆಗೂ ಹಾಕಬಹುದು. ನಾನು ಹೋಗುವ ಮುಂಚೆ ಬಾತ್‌ರೂಮಿನಲ್ಲಿದ್ದ ಟ್ಯೂಬ್ ಓದಿದೆ. ಆಕ್ಟಿನಾಕ್ಸೇಟ್ ಎಂಬ ಹೆಸರು ಇರಲಿಲ್ಲ, ನಿಟ್ಟುಸಿರು ಬಿಟ್ಟೆ. ಆಮೇಲೆ ಮಗಳು ಹೇಳಿದಳು, "ಎಥೈಲ್‌ಹೆಕ್ಸಿಲ್ ಮೆಥಾಕ್ಸಿಸಿನ್ನಮೇಟ್ ಅಂದ್ರೂ ಅದೇ ಅಮ್ಮ." ಅದು ಪಟ್ಟಿಯಲ್ಲಿ ಮೂರನೇ ಸಾಲಿನಲ್ಲಿತ್ತು. ಝಿಂಕ್ ಆಕ್ಸೈಡಿನದು ಬೇರೆ ಕೊಂಡೆ.

ಇಲ್ಲಿ ಉದ್ದ ಬಟ್ಟೆಯ ನಿಜವಾದ ಲಾಭ ಕಾಣುತ್ತದೆ. ಬಿಕಿನಿಯಲ್ಲಿ ಇರುವವರು ಮೈಯೆಲ್ಲ ಸರಿಯಾಗಿ ಹಚ್ಚಬೇಕಾದರೆ ಒಂದು ಸಲಕ್ಕೆ 30 ಮಿಲಿಲೀಟರ್ ಹತ್ತಿರ ಬೇಕು. ಎರಡು ಗಂಟೆಗೊಮ್ಮೆ ಮತ್ತೆ. ನಮ್ಮಲ್ಲಿ ಸಿಗುವ ಟ್ಯೂಬ್ 50 ಗ್ರಾಂ. ಅಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಟ್ಯೂಬ್ ಖಾಲಿ. ಐದು ದಿನಕ್ಕೆ, ನಾಲ್ಕು ಜನಕ್ಕೆ ಲೆಕ್ಕ ಹಾಕಿ. ಬಟ್ಟೆ ಹಾಕಿಕೊಂಡ ನನಗೆ ಮುಖ, ಕತ್ತು, ಕೈ, ಪಾದಕ್ಕೆ ಐದು ದಿನಕ್ಕೆ ಒಂದು ಟ್ಯೂಬು, ಎರಡನೆಯದರ ಅರ್ಧ. ಉಡುಗೆಯ ಬೆಲೆ ಅಲ್ಲೇ ಹುಟ್ಟಿತು.

ಮೂರನೇ ದಿನ ಬೆಳಿಗ್ಗೆ ಆವ್ ನಾಂಗ್ ರಸ್ತೆಯಲ್ಲಿ ಅಂಗಡಿ ಹುಡುಕಿದೆ. ಕ್ರಾಬಿಯಲ್ಲಿ ಮುಸ್ಲಿಮರು ಸಾಕಷ್ಟು ಜನ ಇದ್ದಾರೆ. ಹಾಗಾಗಿ ತಲೆಗವಸು ಸಮೇತ ಪೂರ್ತಿ ಈಜುಡುಗೆ ಅಲ್ಲಿನ ಅಂಗಡಿಗಳಲ್ಲಿ ಬಿಕಿನಿಯ ಪಕ್ಕದಲ್ಲೇ ತೂಗಾಡುತ್ತಿರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಇನ್ನೊಂದು ಗಮನಿಸಿದೆ. ದೋಣಿ ನಡೆಸುವವರು, ದಂಡೆಯಲ್ಲಿ ಹಣ್ಣು ಮಾರುವ ಹೆಂಗಸರು, ಅಂದರೆ ದಿನವೂ ಆ ಬಿಸಿಲಲ್ಲೇ ಬದುಕುವವರು, ಉದ್ದ ತೋಳು, ಕತ್ತಿಗೆ ಬಟ್ಟೆ, ಮುಖಕ್ಕೆ ಮುಸುಕು ಹಾಕಿಕೊಂಡೇ ಇರುತ್ತಾರೆ. ಬಿಚ್ಚಿಕೊಂಡು ಮಲಗುವವರು ವಾರಕ್ಕೆ ಬಂದವರು. ನಮ್ಮ ಕಬ್ಬು ಕಡಿಯುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟ್ ಹಾಕಿಕೊಳ್ಳುವುದು ನೆನಪಾಯಿತು.

ಅಂಗಡಿಯ ಹೆಂಗಸಿಗೆ ನನ್ನ ಮಾತು ತಿಳಿಯಲಿಲ್ಲ, ನನಗೆ ಅವಳ ಮಾತು ತಿಳಿಯಲಿಲ್ಲ. ನಾನು ತಿರುಗಿ ನಿಂತು ಟಾಪ್ ಎತ್ತಿ ಪಟ್ಟಿ ತೋರಿಸಿದೆ. "ಓಯ್!" ಎಂದಳು. ಒಳಗೆ ಹೋಗಿ ಒಂದು ರ‍್ಯಾಶ್ ಗಾರ್ಡ್ ತಂದು, ಕೆಳಗಿನ ಅಂಚನ್ನು ಮಗುಚಿ ತೋರಿಸಿದಳು. ಮುಂದಿನ ಅಂಚಿನ ಒಳಗೆ ಒಂದು ಪುಟ್ಟ ಎಲಾಸ್ಟಿಕ್ ಕುಣಿಕೆ. ಅದರೊಳಗೆ ಪ್ಯಾಂಟಿನ ಲಾಡಿ ತೂರಿಸಿ ಗಂಟು ಹಾಕಬೇಕು. ಅಷ್ಟೇ. ಅಂಗಿ ಮೇಲೆ ಬರುವುದಿಲ್ಲ. ಇದರಲ್ಲಿ ಅಂಗಿ ಕೂಡ ನನ್ನ ನೀಲಿಯದಕ್ಕಿಂತ ಒಂದು ಗೇಣು ಉದ್ದ, ಹಿಂದೆ ಇನ್ನೂ ಸ್ವಲ್ಪ ಜಾಸ್ತಿ. ತೋಳಿನ ತುದಿಯಲ್ಲಿ ಹೆಬ್ಬೆರಳಿಗೆ ತೂತು, ಅದರಿಂದ ಅಂಗೈ ಹಿಂಭಾಗವೂ ಮುಚ್ಚುತ್ತದೆ. ಕತ್ತು ಎತ್ತರ. ಅದಕ್ಕೇ ಹೊಂದುವ, ಸೊಂಟ ಎತ್ತರದ, ಲಾಡಿ ಇರುವ ಲೆಗಿಂಗ್ಸ್. ಜೋಡಿಗೆ ಎಂಟುನೂರು ಬಾಟ್, ನಮ್ಮ ಎರಡು ಸಾವಿರದ ಮೇಲೆ.

ಬಣ್ಣ ಕಿತ್ತಳೆ. ಬೇಕೆಂದೇ ತೆಗೆದುಕೊಂಡೆ. ಹಿಂದಿನ ದಿನ ಕಡು ನೀಲಿಯಲ್ಲಿ ನಾನು ನೀರಿನಲ್ಲಿದ್ದಾಗ ನನ್ನ ಗಂಡ ದೋಣಿಯ ಮೇಲೆ ನಿಂತು ಹತ್ತು ನಿಮಿಷ ಹುಡುಕಿದ್ದರಂತೆ. ನೀಲಿ ನೀರಿನಲ್ಲಿ ನೀಲಿ ಬಟ್ಟೆ, ಯಾರಿಗೆ ಕಾಣಬೇಕು? ಕಡು ಬಣ್ಣ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ ಎನ್ನುವುದು ನಿಜ. ಆದರೆ ಢಾಳಾದ ಕಿತ್ತಳೆ, ಕೆಂಪು ಕೂಡ ಸಾಕಷ್ಟು ತಡೆಯುತ್ತವೆ, ಮೇಲಾಗಿ ದೋಣಿಯವನಿಗೆ ಕಾಣುತ್ತವೆ. ಮಕ್ಕಳಿಗಂತೂ ನೀಲಿ, ಹಸಿರು ತೆಗೆದುಕೊಡಲೇಬೇಡಿ.

ಉಳಿದ ಮೂರು ದಿನ ಇದರಲ್ಲೇ ಕಳೆದೆ. ಕೈ ಚಾಚಿದೆ, ಮುಳುಗಿದೆ, ಫ್ರಾ ನಾಂಗ್ ದಂಡೆಯಲ್ಲಿ ಮರಳಲ್ಲಿ ಹೊರಳಿದೆ. ಅಂಗಿ ಕೂತ ಜಾಗ ಬಿಟ್ಟು ಏಳಲಿಲ್ಲ. ದೂರು ಎರಡೇ. ಒಂದು, ಲೆಗಿಂಗ್ಸಿನ ಕಾಲಿನ ಅಂಚು ಬಿಗಿ ಇರುವುದರಿಂದ ಒಳಗೆ ಹೋದ ಮರಳು ಹೊರಗೆ ಬರುವುದಿಲ್ಲ, ಮೀನಖಂಡದ ಹತ್ತಿರ ಕೂತು ಉಜ್ಜುತ್ತದೆ. ಎರಡು, ದೋಣಿ ವೇಗವಾಗಿ ಹೋಗುವಾಗ ಗಾಳಿಗೆ ಒದ್ದೆ ಬಟ್ಟೆ ಚಳಿ ಹಿಡಿಸುತ್ತದೆ. ತೆಳು ಪಂಚೆಯೊಂದು ಒಯ್ದಿದ್ದೆ, ಅದನ್ನೇ ಹೊದ್ದುಕೊಂಡೆ. ಪಂಚೆಯಂಥ ಬಟ್ಟೆ ಇನ್ನೊಂದಿಲ್ಲ: ಟವೆಲ್, ನೆರಳು, ಬಟ್ಟೆ ಬದಲಿಸುವ ಪರದೆ, ಮಾವಿನಹಣ್ಣು ಕಟ್ಟುವ ಗಂಟು, ಎಲ್ಲ ಅದೇ.

ಮಗಳಿಗೆ ಆದದ್ದು ಬೇರೆ ಸಮಸ್ಯೆ. ಅವಳೂ ಉದ್ದ ತೋಳಿನದೇ ಹಾಕಿದ್ದಳು. ಒಂದು ಸಂಜೆ ಬಟ್ಟೆ ಮುಚ್ಚಿದ್ದ ಜಾಗದಲ್ಲೇ ಕೆಂಪು ಗುಳ್ಳೆ, ತುರಿಕೆ. ಗೈಡ್ ನೋಡಿ "ಸೀ ಲೈಸ್" ಎಂದ. ಹೇನಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕ ಲೋಳೆಮೀನಿನ (ಜೆಲ್ಲಿಫಿಶ್) ಮರಿಗಳು ಬಟ್ಟೆಯೊಳಗೆ ಸಿಕ್ಕಿಕೊಂಡು ಕುಟುಕುತ್ತವೆ. ಬಟ್ಟೆ ಹಾಕಿಕೊಂಡೇ ಸಿಹಿನೀರಿನ ಶವರಿಗೆ ನಿಂತರೆ ಕುಟುಕು ಜಾಸ್ತಿ ಆಗುತ್ತದಂತೆ, ಮೊದಲು ಬಿಚ್ಚಿ ಆಮೇಲೆ ಸ್ನಾನ ಮಾಡಬೇಕು. ನಾವು ಮಾಡಿದ್ದು ಉಲ್ಟಾ. ಪೂರ್ತಿ ಉಡುಗೆ ದೊಡ್ಡ ಲೋಳೆಮೀನಿನಿಂದ ಕಾಪಾಡುತ್ತದೆ. ಆಸ್ಟ್ರೇಲಿಯಾದ ಕೇರ್ನ್ಸ್ ಕಡೆ ನವೆಂಬರಿನಿಂದ ಮೇವರೆಗೆ ಬಾಕ್ಸ್ ಜೆಲ್ಲಿಫಿಶ್ ಎಂಬ ವಿಷದ ಲೋಳೆಮೀನಿನ ಭಯಕ್ಕೆ ಎಲ್ಲರೂ ಇಂಥದ್ದೇ ಲೈಕ್ರಾ ಹಾಕುತ್ತಾರೆ. ಆದರೆ ಈ ಪುಟಾಣಿಗಳಿಗೆ ಬಟ್ಟೆಯೇ ಮನೆ.

ಇನ್ನು ನನ್ನ ಮುಖ್ಯ ಚಿಂತೆ, ಮುಖ. ಬಟ್ಟೆ ಅಲ್ಲಿಗೆ ಬರುವುದಿಲ್ಲ. ಚೀನಾದ ಚಿಂಗ್‌ದಾವ್ ಕಡಲತೀರದಲ್ಲಿ ಹೆಂಗಸರು ಕಣ್ಣು, ಮೂಗು, ಬಾಯಿಗೆ ಮಾತ್ರ ತೂತಿರುವ ಬಟ್ಟೆಯ ಮುಖವಾಡ ಹಾಕಿಕೊಂಡು ಈಜುತ್ತಾರೆ. ಫೋಟೋ ತೋರಿಸಿದಾಗ ಮನೆಯವರೆಲ್ಲ ನಕ್ಕರು. ನಾನು ಮಾತ್ರ ಎಲ್ಲಿ ಸಿಗುತ್ತದೆ ಎಂದು ನೋಡಿದೆ. ಕೊನೆಗೆ ಧೈರ್ಯ ಬರಲಿಲ್ಲ. ಅಗಲ ಅಂಚಿನ, ಗದ್ದಕ್ಕೆ ದಾರ ಕಟ್ಟುವ ಟೋಪಿ, ಜೊತೆಗೆ ಬಣ್ಣ ಇರುವ ಸನ್‌ಸ್ಕ್ರೀನ್. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಆಗುವುದಿಲ್ಲ. ಅದನ್ನು ತಡೆಯುವುದು ಐರನ್ ಆಕ್ಸೈಡ್ ಸೇರಿಸಿದ ಮಣ್ಣುಬಣ್ಣದ ಕ್ರೀಮು, ಬಿಳಿಯದಲ್ಲ. ಫೋಟೋಗಳಲ್ಲಿ ನಾನು ಅರಿಶಿನ ಶಾಸ್ತ್ರಕ್ಕೆ ಕೂತವಳ ಹಾಗೆ ಕಾಣುತ್ತೇನೆ. ಬಂಗು ಮಾತ್ರ ಹೆಚ್ಚಲಿಲ್ಲ. ಮರೆತದ್ದು ಪಾದ. ಚಪ್ಪಲಿಯ ಪಟ್ಟಿಯ ವಿ ಗುರುತು ಇನ್ನೂ ಇದೆ.

ಬೇರೆ ದೇಶಕ್ಕೆ ಹೋಗುವವರು ಅಲ್ಲಿನ ನಿಯಮ ನೋಡಿಕೊಳ್ಳಿ. ಮುಸ್ಲಿಂ ಹೆಂಗಸರಿಗೆಂದು ಮೈ, ತಲೆ ಮುಚ್ಚುವ ಬುರ್ಕಿನಿ ಎಂಬ ಈಜುಡುಗೆಯನ್ನು 2004ರಲ್ಲಿ ಆಸ್ಟ್ರೇಲಿಯಾದ ಅಹೀದಾ ಝನೆಟ್ಟಿ ರೂಪಿಸಿದರು. 2016ರಲ್ಲಿ ಫ್ರಾನ್ಸಿನ ಕೆಲವು ಊರುಗಳು ಅದನ್ನು ಕಡಲತೀರದಲ್ಲಿ ನಿಷೇಧಿಸಿದವು, ಆಮೇಲೆ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಅಂಥ ಒಂದು ಆದೇಶವನ್ನು ತಡೆಹಿಡಿಯಿತು. ಆದರೆ ಅಲ್ಲಿನ ಸಾರ್ವಜನಿಕ ಈಜುಕೊಳಗಳಲ್ಲಿ ಶುಚಿತ್ವದ ಹೆಸರಿನಲ್ಲಿ ಹೆಚ್ಚಿನ ಕಡೆ ಉದ್ದದ, ಸಡಿಲದ ಉಡುಗೆ ಬಿಡುವುದಿಲ್ಲ, ಗಂಡಸರ ಸಡಿಲ ಚಡ್ಡಿಗೂ ಇಲ್ಲ ಅನ್ನುತ್ತಾರೆ. ನೀವು ಬಿಸಿಲಿಗೆ ಹಾಕಿದ್ದೀರೋ ದೇವರಿಗೆ ಹಾಕಿದ್ದೀರೋ ಎಂದು ಬಾಗಿಲಲ್ಲಿ ಕೇಳುವುದಿಲ್ಲ.

ಈಗ ಕೊಳ್ಳಲು ಹೊರಟವರಿಗೆ ನನ್ನದೊಂದು ಕೋರಿಕೆ. ಟ್ರಯಲ್ ರೂಮಿನಲ್ಲಿ ನೆಟ್ಟಗೆ ನಿಂತು ಕನ್ನಡಿ ನೋಡಬೇಡಿ. ಎರಡೂ ಕೈ ಮೇಲೆತ್ತಿ, ಪೂರ್ತಿ ಬಗ್ಗಿ ಸಾಷ್ಟಾಂಗ ನಮಸ್ಕಾರಕ್ಕೆ ಹೋಗುವ ಹಾಗೆ ಕೈ ಚಾಚಿ. ಜೊತೆಗೆ ಬಂದವರಿಗೆ ಹಿಂದಿನಿಂದ ನೋಡಲು ಹೇಳಿ. ಸೊಂಟ ಕಂಡಿತೋ, ಅದು ನಿಮ್ಮ ಬಟ್ಟೆ ಅಲ್ಲ. ಆಮೇಲೆ ಕುಕ್ಕರಗಾಲಲ್ಲಿ ಕೂತು ಏಳಿ. ಅಂಗಡಿಯವರು ನಕ್ಕರೆ ನಗಲಿ.

ತೊಳೆಯುವುದು ಸುಲಭ. ಬಂದ ಕೂಡಲೇ ಸಿಹಿನೀರಿನಲ್ಲಿ ಜಾಲಿಸಿ, ಹಿಂಡದೆ ನೆರಳಿನಲ್ಲಿ ಹರವಿ. ವಾಷಿಂಗ್ ಮಷೀನ್ ಬೇಡ. ಕ್ಲೋರಿನ್ ಎಲಾಸ್ಟೇನನ್ನು ತಿನ್ನುತ್ತದೆ, ಬಟ್ಟೆ ಜೋಲು ಬೀಳುತ್ತದೆ. ಹಾಗಾಗಿ ಕಿತ್ತಳೆಯದನ್ನು ಸಮುದ್ರಕ್ಕೆಂದೇ ಎತ್ತಿಟ್ಟಿದ್ದೇನೆ.

ಕಡು ನೀಲಿಯದು ಈಗ ಮೈಸೂರಿನ ಕೊಳಕ್ಕೆ. ಅದನ್ನು ನಮ್ಮ ಬೀದಿಯ ಟೈಲರ್ ಹತ್ತಿರ ಒಯ್ದು ಮುಂದಿನ ಅಂಚಿಗೆ ಎಲಾಸ್ಟಿಕ್ ಕುಣಿಕೆ, ಲೆಗಿಂಗ್ಸಿಗೆ ಒಂದು ಗುಂಡಿ ಹಾಕಿಸಿದೆ. ನಲವತ್ತು ರೂಪಾಯಿ. ಅವರು ಬಟ್ಟೆಯನ್ನು ಎಳೆದೆಳೆದು ನೋಡಿ, "ಇದು ಯಾವ ಡ್ರೆಸ್ ಮೇಡಂ, ಯಕ್ಷಗಾನಕ್ಕಾ?" ಎಂದರು.